ಕ್ಯಾಸೆಟ್ ಗೇಮ್ ಮೊಬೈಲಿಗೆ ಬಂದರೂ ಅದೇ ಆಟ ಅನಿಸುವುದಿಲ್ಲವೇಕೆ?

ಮೊಬೈಲಿಗೆ ಕಾಂಟ್ರಾನೋ ಮಾರಿಯೋನೋ ಹಾಕಿಕೊಂಡ, ಮೂವತ್ತೈದು ದಾಟಿದವರಿಂದ ಎರಡು ದೂರು ಕೇಳಿಬರುತ್ತವೆ. ‘ಆಟ ಯಾಕೋ ಓಡ್ತಾ ಇದೆ, ಆಗ ಇಷ್ಟು ಸ್ಪೀಡ್ ಇರ್ಲಿಲ್ಲ’ ಎನ್ನುವುದು ಒಂದು. ‘ಬಟನ್ ಒತ್ತಿದ ಮೇಲೆ ಒಂದು ಗಳಿಗೆ ಬಿಟ್ಟು ಹಾರ್ತಾನೆ’ ಎನ್ನುವುದು ಇನ್ನೊಂದು. ಒಂದೇ ಆಟ ಜೋರೂ ಹೌದು, ತಡವೂ ಹೌದು ಎಂದರೆ ಮನೆಯವರು ನಗುತ್ತಾರೆ, ವಯಸ್ಸಾಯ್ತು ಬಿಡಿ ಎನ್ನುತ್ತಾರೆ. ಕುಣಿಯಲಾರದವರು ನೆಲ ಡೊಂಕು ಎಂದರಂತೆ ಎಂಬ ಗಾದೆ ಇಲ್ಲಿ ಹೊಂದುವುದಿಲ್ಲ. ನೆಲ ನಿಜಕ್ಕೂ ಡೊಂಕಿದೆ, ಅದೂ ಎರಡು ಕಡೆ.

ಹಳೆಯ ಗೇಮ್ ಪೆಟ್ಟಿಗೆಯನ್ನು ಫೋನಿನಲ್ಲಿ ಅನುಕರಿಸುವ ಆ್ಯಪಿಗೆ ಎಮ್ಯುಲೇಟರ್ ಎನ್ನುತ್ತಾರೆ. ಹುಡುಕಿದರೆ ಸಿಗುವ ಎಮ್ಯುಲೇಟರ್ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಅಮೆರಿಕದ ಆಟಗಾರನನ್ನು ಮನಸ್ಸಿನಲ್ಲಿಟ್ಟು ಬರೆದವು. ಅವನ ಮನೆಯಲ್ಲಿದ್ದದ್ದು ಅಸಲಿ ನಿಂಟೆಂಡೋ, ಕೈಯಲ್ಲಿರುವುದು ದುಬಾರಿ ಫೋನು, ಕಪಾಟಿನಲ್ಲಿರುವುದು ಕಂಪನಿಯದೇ ಕಾರ್ಟ್ರಿಡ್ಜ್, ಅಂದರೆ ನಾವು ಕ್ಯಾಸೆಟ್ ಎನ್ನುವುದು. ತುಮಕೂರಿನಲ್ಲೋ ಕೋಲಾರದಲ್ಲೋ ಕೂತು ಓದುವವರಿಗೆ ಈ ಮೂರೂ ಬೇರೆ. ಆದ್ದರಿಂದಲೇ ಆ ಸಲಹೆಗಳನ್ನು ಅಕ್ಷರಶಃ ಪಾಲಿಸಿದರೂ ಆಟ ಕೈಗೆ ಕೂರುವುದಿಲ್ಲ.

ನಮ್ಮದು ಯಾವ ಪೆಟ್ಟಿಗೆ?

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ‘ವಿಡಿಯೋ ಗೇಮ್’ ಎಂಬ ಹೆಸರಿನಲ್ಲಿ ಬಂದದ್ದು ಬಹುಪಾಲು ನಿಂಟೆಂಡೋ ಫ್ಯಾಮಿಕಾಮ್‌ನ ನಕಲು. ಅಸಲಿ ಫ್ಯಾಮಿಕಾಮ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1983ರಲ್ಲಿ. ಅದರ ಅಮೆರಿಕದ ರೂಪವಾದ ಎನ್‌ಇಎಸ್ 1985ರಲ್ಲಿ. ನಕಲು ಪೆಟ್ಟಿಗೆಗಳಲ್ಲಿ ಅದೇ ಕೆಲಸ ಮಾಡುವ ಬೇರೆ ಚಿಪ್ ಕೂರಿಸಿ, ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಿದ್ದರು. ಕ್ಯಾಸೆಟ್ಟಿನ ತಳದಲ್ಲಿ ಫ್ಯಾಮಿಕಾಮ್‌ನಂತೆಯೇ 60 ಪಿನ್ನು, ಅಮೆರಿಕದ್ದಕ್ಕೆ 72.

ಮುಖ್ಯ ವ್ಯತ್ಯಾಸ ಪೆಟ್ಟಿಗೆಯದಲ್ಲ, ಟಿವಿಯದು. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಸಲ ಚಿತ್ರ ಬರೆಯುವಂಥದು. ಜಪಾನ್, ಅಮೆರಿಕಗಳ ಟಿವಿ 60 ಸಲ ಬರೆಯುತ್ತದೆ. ಆ ಕಾಲದ ಆಟಗಳು ಗಡಿಯಾರ ನೋಡಿ ನಡೆಯುತ್ತಿರಲಿಲ್ಲ, ಪರದೆಯ ಚಿತ್ರ ಎಣಿಸಿಕೊಂಡು ನಡೆಯುತ್ತಿದ್ದವು. 60 ಚಿತ್ರಕ್ಕೆ ಒಂದು ಸೆಕೆಂಡು ಎಂದು ಲೆಕ್ಕ ಹಾಕಿ ಬರೆದ ಆಟವನ್ನು 50ರ ಟಿವಿಗೆಂದು ಮಾಡಿದ ಪೆಟ್ಟಿಗೆಗೆ ಹಾಕಿದರೆ, ಅದರ ಒಂದು ನಿಮಿಷಕ್ಕೆ ನಮ್ಮ 72 ಸೆಕೆಂಡು ಹಿಡಿಯುತ್ತದೆ. ಮೊದಲ ಸೂಪರ್ ಮಾರಿಯೋದಲ್ಲಿ ಮೇಲೆ ಇಳಿಯುತ್ತಾ ಹೋಗುವ ಟೈಮ್ ನೆನಪಿರಬಹುದು. ಅದರ ಒಂದು ಅಂಕಿ ಇಳಿಯಲು 24 ಚಿತ್ರ ಬೇಕು. 400 ಪೂರ್ತಿ ಮುಗಿಯಲು ಅಮೆರಿಕದಲ್ಲಿ 160 ಸೆಕೆಂಡಾದರೆ, ಇಲ್ಲಿ 192. ಅಂದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಲ ಹೆಚ್ಚುವರಿಯಾಗಿ ಸಿಗುತ್ತಿತ್ತು. ಈಗ ಎಮ್ಯುಲೇಟರ್ ಅದೇ ಆಟವನ್ನು ಜಪಾನಿನ ಲೆಕ್ಕದಲ್ಲಿ ಓಡಿಸುತ್ತದೆ. ನಿಮ್ಮ ಬೆರಳಿಗೆ ರೂಢಿಯಾದದ್ದು ಇಲ್ಲಿಯ ಲೆಕ್ಕ.

ಇದಕ್ಕೆ ಮದ್ದು ಇದೆ. ರೆಟ್ರೋಆರ್ಚ್ ಎಂಬ ಆ್ಯಪ್ ತೆರೆದು, ‘ಲೋಡ್ ಕೋರ್’ನಲ್ಲಿ ‘ಡೌನ್‌ಲೋಡ್ ಎ ಕೋರ್’ ಒತ್ತಿ, ನಿಂಟೆಂಡೋ ಪಟ್ಟಿಯಿಂದ ಎಫ್‌ಸಿಇಯುಎಂಎಂ ಎಂಬ ಕೋರ್ ಇಳಿಸಿಕೊಳ್ಳಿ. ಕೋರ್ ಎಂದರೆ ಒಂದೊಂದು ಯಂತ್ರವನ್ನು ಅನುಕರಿಸುವ ಭಾಗ; ರೆಟ್ರೋಆರ್ಚ್ ಬರೀ ಹೊರಗಿನ ಮನೆ. ಆಟ ತೆರೆದ ಮೇಲೆ ‘ಕ್ವಿಕ್ ಮೆನು’, ಅಲ್ಲಿ ‘ಕೋರ್ ಆಪ್ಷನ್ಸ್’, ಅದರಲ್ಲಿ ‘ರೀಜನ್’. ಆಟೋ, ಎನ್‌ಟಿಎಸ್‌ಸಿ (ಜಪಾನ್, ಅಮೆರಿಕಗಳ 60ರ ಪದ್ಧತಿ), ಪಾಲ್, ಡೆಂಡಿ ಎಂಬ ಆಯ್ಕೆಗಳಿರುತ್ತವೆ. ಕೈ ತಾನಾಗಿ ಪಾಲ್ ಕಡೆ ಹೋಗುತ್ತದೆ, ಆದರೆ ಬೇಕಾದ್ದು ಡೆಂಡಿ. ಡೆಂಡಿ ಎನ್ನುವುದು 1992ರಿಂದ ರಷ್ಯಾದಲ್ಲಿ ಮಾರಾಟವಾದ ಫ್ಯಾಮಿಕಾಮ್ ನಕಲು. 50ರ ಟಿವಿಯಲ್ಲಿ ಜಪಾನಿನ ಆಟ ಓಡಿಸಲು ನಕಲು ಚಿಪ್ಪಿನವರು ಮಾಡಿಕೊಂಡ ಹೊಂದಾಣಿಕೆ ಆ ಹೆಸರಿನಲ್ಲೇ ಉಳಿದಿದೆ. ನಿಂಟೆಂಡೋ ಯುರೋಪಿಗೆಂದು ಮಾಡಿದ ಪಾಲ್ ಯಂತ್ರದಲ್ಲಿ ಪ್ರೊಸೆಸರ್ ವೇಗವೂ 1.79 ಮೆಗಾಹರ್ಟ್ಸ್‌ನಿಂದ 1.66ಕ್ಕೆ ಇಳಿದಿತ್ತು, ಹಾಗಾಗಿ ಸಂಗೀತದ ಶ್ರುತಿಯೂ ಕೆಳಗಾಗುತ್ತದೆ. ಡೆಂಡಿಯಲ್ಲಿ ಅದು 1.77, ಶ್ರುತಿ ಹೆಚ್ಚುಕಡಿಮೆ ಹಾಗೇ ಇದ್ದು ತಾಳ ಮಾತ್ರ ನಿಧಾನ. ಆಪ್ಷನ್ ಬದಲಿಸಿ ಕ್ವಿಕ್ ಮೆನುವಿನಲ್ಲಿ ‘ರೀಸ್ಟಾರ್ಟ್’ ಒತ್ತಿ ನೋಡಿ. ಕಾಂಟ್ರಾದ ಮೊದಲ ಲೆವೆಲ್ಲಿನ ಸಂಗೀತ ಕೇಳಿದ ಹತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತದೆ.

ಇದಕ್ಕೊಂದು ಬೆಲೆ ತೆರಬೇಕು. ಫೋನಿನ ಪರದೆ 60, 90 ಅಥವಾ 120 ಸಲ ಬರೆಯುತ್ತದೆ. 50 ಇವು ಯಾವುದಕ್ಕೂ ಸರಿಯಾಗಿ ಭಾಗವಾಗದು. ಪರದೆ ಪಕ್ಕಕ್ಕೆ ಸರಿಯುವಾಗ ಸಣ್ಣ ಜಗ್ಗಾಟ ಕಾಣುತ್ತದೆ, ಅದನ್ನು ಯಾವ ಸೆಟ್ಟಿಂಗೂ ಪೂರ್ತಿ ತೆಗೆಯಲಾರದು. ನೆನಪಿನ ವೇಗ ಬೇಕೋ, ನುಣುಪಾದ ಚಿತ್ರ ಬೇಕೋ ಎಂದರೆ, ಮೊದಲ ವಾರ ಡೆಂಡಿಯಲ್ಲಿ ಆಡಿ ಆಸೆ ತೀರಿಸಿಕೊಂಡು ಆಮೇಲೆ ಎನ್‌ಟಿಎಸ್‌ಸಿಗೆ ಹೋಗುವುದೇ ಮೇಲು. ಆಟ ಬರೆದವರು ಎಣಿಸಿದ್ದು ಆ ವೇಗವನ್ನೇ.

ಇನ್ನೊಂದು ಕೊರತೆ ರಿಮೋಟಿನದು. ಹೌದು, ನಾವು ಅದನ್ನು ರಿಮೋಟ್ ಎಂದೇ ಕರೆದವರು. ಅಸಲಿ ನಿಂಟೆಂಡೋ ರಿಮೋಟಿನಲ್ಲಿ ಬಲಗಡೆ ಇದ್ದದ್ದು ಎ ಮತ್ತು ಬಿ, ಎರಡೇ ಬಟನ್. ನಕಲಿನಲ್ಲಿ ನಾಲ್ಕು. ಮೇಲಿನೆರಡು ಟರ್ಬೋ: ಒತ್ತಿ ಹಿಡಿದರೆ ಸಾಕು, ತಾನೇ ಪಟಪಟ ಒತ್ತಿಕೊಳ್ಳುತ್ತದೆ. ಕಾಂಟ್ರಾದಲ್ಲಿ ಬೆರಳು ನೋಯದೆ ಗುಂಡು ಸುರಿಸಿದ ನಮ್ಮ ಶೌರ್ಯವೆಲ್ಲ ಆ ಬಟನ್ನಿನದು. ಎಫ್‌ಸಿಇಯುಎಂಎಂ ಕೋರ್ ಆಪ್ಷನ್ಸ್‌ನಲ್ಲಿ ‘ಟರ್ಬೋ ಎನೇಬಲ್’ ಇದೆ. ‘ಪ್ಲೇಯರ್ 1’ ಆರಿಸಿದರೆ ಎಕ್ಸ್, ವೈ ಬಟನ್‌ಗಳು ಟರ್ಬೋ ಆಗುತ್ತವೆ. ಎಷ್ಟು ಬೇಗ ಒತ್ತಿಕೊಳ್ಳಬೇಕು ಎಂಬುದಕ್ಕೆ ಪಕ್ಕದಲ್ಲೇ ‘ಟರ್ಬೋ ಡಿಲೇ’.

ಬಾತುಕೋಳಿ ಹೊಡೆಯುವ ಗನ್ನಿನ ಆಟಕ್ಕೂ ದಾರಿಯಿದೆ. ಆ ಗನ್ನಿನಿಂದ ಏನೂ ಹೊರಬರುತ್ತಿರಲಿಲ್ಲ. ಟ್ರಿಗರ್ ಒತ್ತಿದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತಿತ್ತು. ಗನ್ನಿನ ಮೂತಿಯೊಳಗಿನ ಬೆಳಕಿನ ಕಣ್ಣು ಆ ಬಿಳಿ ಕಂಡಿತೇ ಇಲ್ಲವೇ ಎಂದು ಹೇಳುತ್ತಿತ್ತು. ಪಿಕ್ಚರ್ ಟ್ಯೂಬ್ ಇಲ್ಲದ ಟಿವಿಯಲ್ಲಿ ಅದು ನಡೆಯುವುದಿಲ್ಲ. ಮೊಬೈಲಿನಲ್ಲಿ ‘ಕಂಟ್ರೋಲ್ಸ್’ಗೆ ಹೋಗಿ ಎರಡನೇ ಪೋರ್ಟಿನ ಸಾಧನವನ್ನು ‘ಜ್ಯಾಪರ್’ ಮಾಡಿ, ಕೋರ್ ಆಪ್ಷನ್ಸ್‌ನಲ್ಲಿ ಜ್ಯಾಪರ್ ಮೋಡನ್ನು ಟಚ್‌ಸ್ಕ್ರೀನ್ ಮಾಡಿದರೆ ಬೆರಳೇ ಗನ್ನು. ಹತ್ತು ನಿಮಿಷದಲ್ಲಿ ಬೇಜಾರಾಗುವಷ್ಟು ಸುಲಭ.

‘9999999 ಇನ್ 1’ ಕ್ಯಾಸೆಟ್ಟಿನ ಗುಟ್ಟು ಆಗಲೇ ಎಲ್ಲರಿಗೂ ತಿಳಿದಿತ್ತು: ಬೆರಳೆಣಿಕೆಯ ಆಟಗಳು, ಬೇರೆ ಬೇರೆ ಲೆವೆಲ್ಲಿನಿಂದ, ಬೇರೆ ಬೇರೆ ಹೆಸರಿನಲ್ಲಿ. ಅಂಥ ಕ್ಯಾಸೆಟ್ಟಿನ ಒಳಗೆ ಒಂದು ಆಟದಿಂದ ಇನ್ನೊಂದಕ್ಕೆ ಮೆಮೊರಿ ಬದಲಿಸುವ ಮ್ಯಾಪರ್ ಎಂಬ ಸರ್ಕ್ಯೂಟ್ ಇರುತ್ತದೆ, ಒಬ್ಬೊಬ್ಬ ನಕಲುಗಾರನದು ಒಂದೊಂದು ಬಗೆ. ಬೇರೆ ಕೋರಿನಲ್ಲಿ ಮೆನು ಬಂದು, ಆಟ ಆರಿಸಿದೊಡನೆ ಪರದೆ ಬೂದಿಬಣ್ಣವಾಗಿ ನಿಂತರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಕೋರಿಗೆ ಆ ಮ್ಯಾಪರ್ ಗೊತ್ತಿಲ್ಲದಿರಬಹುದು. ನಕಲು ಮ್ಯಾಪರ್‌ಗಳನ್ನು ಹೆಚ್ಚು ಬಲ್ಲದ್ದು ಎಫ್‌ಸಿಇಯುಎಂಎಂ.

ತಡವಾಗಿ ಹಾರುವ ಮಾರಿಯೋ

ಹಳೆಯ ಟಿವಿ, ಹಳೆಯ ಪೆಟ್ಟಿಗೆಗಳ ನಡುವೆ ಕಾಯುವ ಜಾಗವೇ ಇರಲಿಲ್ಲ. ಒತ್ತಿದ್ದು ಮುಂದಿನ ಒಂದೆರಡು ಚಿತ್ರದಲ್ಲೇ ಕಾಣುತ್ತಿತ್ತು. 60ರ ಲೆಕ್ಕದಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು. ಫೋನಿನಲ್ಲಿ ಬೆರಳಿನ ಸ್ಪರ್ಶವನ್ನು ಗುರುತಿಸುವುದು ಒಂದು ಹಂತ, ಆ್ಯಂಡ್ರಾಯ್ಡ್ ಅದನ್ನು ಆ್ಯಪಿಗೆ ಮುಟ್ಟಿಸುವುದು ಇನ್ನೊಂದು, ಬರೆದ ಚಿತ್ರ ಪರದೆಯ ಸರದಿಯಲ್ಲಿ ನಿಲ್ಲುವುದು ಮತ್ತೊಂದು. ಒಂದೊಂದೂ ಸಣ್ಣದೇ, ಕೂಡಿದರೆ ಕೈಗೆ ಗೊತ್ತಾಗುತ್ತದೆ.

ಮೊದಲು ಬ್ಲೂಟೂತ್ ಇಯರ್‌ಫೋನ್ ತೆಗೆಯಿರಿ. ಶಬ್ದ ನೂರು ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗಿ ಬಂದರೆ, ಚಿತ್ರ ಸರಿಯಿದ್ದರೂ ಮನಸ್ಸು ಆಟವೇ ತಡ ಎಂದುಕೊಳ್ಳುತ್ತದೆ. ಅರ್ಧ ದೂರು ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್ ನೋಡಿ. ಈಗ ಅಗ್ಗದ ಫೋನುಗಳಲ್ಲೂ 90 ಹರ್ಟ್ಸ್ ಪರದೆ ಇರುತ್ತದೆ. 60ರ ಆಟ 90ರ ಪರದೆಗೆ ಹೊಂದುವುದಿಲ್ಲ: ಒಂದು ಚಿತ್ರ ಒಂದು ಸಲ ಕಂಡರೆ ಮುಂದಿನದು ಎರಡು ಸಲ, ಕುಂಟುತ್ತಾ ನಡೆದಂತೆ. 60ಕ್ಕೆ ಇಳಿಸಿ, ಇಲ್ಲವೇ 120 ಇದ್ದರೆ ಅಲ್ಲಿಗೆ ಏರಿಸಿ. ‘ಹೆಚ್ಚು ಹರ್ಟ್ಸ್ ಒಳ್ಳೆಯದು’ ಎಂಬ ಅಂಗಡಿಯ ಮಾತು ಇಲ್ಲಿ ಸುಳ್ಳಾಗುವುದು ಹೀಗೆ.

ರೆಟ್ರೋಆರ್ಚ್‌ನಲ್ಲೇ ‘ಸೆಟ್ಟಿಂಗ್ಸ್’ ಒಳಗೆ ‘ಲೇಟೆನ್ಸಿ’, ಅಂದರೆ ತಡ, ಎಂಬ ಪುಟವಿದೆ. ಅಲ್ಲಿಯ ‘ರನ್-ಅಹೆಡ್’ ನಿಜಕ್ಕೂ ಜಾಣ ಉಪಾಯ. ಮುಂದಿನ ಚಿತ್ರವನ್ನು ಎಮ್ಯುಲೇಟರ್ ಗುಟ್ಟಾಗಿ ಮೊದಲೇ ಓಡಿಸಿ ನೋಡಿ, ನೀವು ಒತ್ತಿದ್ದರ ಫಲ ಕಾಣುವ ಚಿತ್ರವನ್ನೇ ನೇರ ತೋರಿಸುತ್ತದೆ. ಆಟದೊಳಗೇ ಇರುವ ತಡವನ್ನೂ ಇದು ನುಂಗುವುದರಿಂದ, ಕೆಲವೊಮ್ಮೆ ಅಸಲಿ ಪೆಟ್ಟಿಗೆಗಿಂತ ಚುರುಕಾಗಿಯೂ ಆಡಬಹುದು. ಎಷ್ಟು ಇಡಬೇಕು? ಒಂದರಿಂದ ಶುರುಮಾಡಿ. ಹಾರುವಾಗಿನ ಮೊದಲ ಭಂಗಿ ಕಾಣದೆ ಮಾರಿಯೋ ಒಮ್ಮೆಗೇ ಗಾಳಿಯಲ್ಲಿ ಪ್ರತ್ಯಕ್ಷನಾದರೆ ಹೆಚ್ಚಾಯಿತು ಎಂದರ್ಥ, ಒಂದು ಇಳಿಸಿ. ಒಂದೊಂದು ಚಿತ್ರಕ್ಕೂ ಪ್ರೊಸೆಸರ್ ಆ ಕೆಲಸವನ್ನು ಮತ್ತೆ ಮಾಡಬೇಕಾಗುವುದರಿಂದ ಎನ್‌ಇಎಸ್‌ಗೆ, ನಿಂಟೆಂಡೋದ ಕೈಯಾಟದ ಯಂತ್ರವಾದ ಗೇಮ್‌ಬಾಯ್‌ಗೆ ಇದು ಸಲೀಸು. ಪ್ಲೇಸ್ಟೇಷನ್‌ಗೆ ಅಗ್ಗದ ಫೋನು ಏದುಸಿರು ಬಿಡುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಆಡಿಯೋ ಲೇಟೆನ್ಸಿ ಮೊದಲಿಗೆ 128 ಮಿಲಿಸೆಕೆಂಡು ಇರುತ್ತದೆ. 96, ಆಮೇಲೆ 64 ಎಂದು ಇಳಿಸುತ್ತಾ ಹೋಗಿ, ಶಬ್ದ ಚರಚರ ಎನ್ನಲು ಶುರುವಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ.

ಇಷ್ಟೆಲ್ಲ ಮಾಡಿದರೂ ಗಾಜಿನ ಮೇಲೆ ಬರೆದ ಬಟನ್ ಗಾಜೇ. ಹೆಬ್ಬೆರಳಿಗೆ ಅಂಚು ಸಿಗದೆ ಜಾರುತ್ತದೆ, ಓಡುತ್ತಲೇ ಓರೆಯಾಗಿ ಗುಂಡು ಹಾರಿಸಬೇಕಾದ ಕಾಂಟ್ರಾದಂಥ ಆಟ ಅಲ್ಲಿ ಸೋಲುತ್ತದೆ. ಸಾವಿರ ರೂಪಾಯಿಯೊಳಗಿನ ವೈರ್ ಇರುವ ಯುಎಸ್‌ಬಿ ಗೇಮ್‌ಪ್ಯಾಡ್, ಜೊತೆಗೆ ಅದನ್ನು ಫೋನಿಗೆ ಜೋಡಿಸುವ ಒಟಿಜಿ ಅಡಾಪ್ಟರ್ ಇದ್ದರೆ ಸಾಕು. ಇಲ್ಲಿ ಎಲ್ಲರನ್ನೂ ಸುಸ್ತು ಮಾಡುವ ಒಂದು ವಿಷಯವಿದೆ. ಒಪ್ಪೋ, ರಿಯಲ್‌ಮಿ, ವಿವೋದ ಹಲವು ಫೋನುಗಳಲ್ಲಿ ಒಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಆನ್ ಮಾಡಬೇಕು, ಹತ್ತು ನಿಮಿಷ ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ಪ್ಯಾಡ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಹೋಗುವ ಮುಂಚೆ ಇದನ್ನು ನೋಡಿ. ಬಟನ್ ಅದಲುಬದಲಾಗಿದ್ದರೆ ‘ಇನ್‌ಪುಟ್’ನಲ್ಲಿ ಒಂದನೇ ಪೋರ್ಟ್ ತೆರೆದು ‘ಸೆಟ್ ಆಲ್ ಕಂಟ್ರೋಲ್ಸ್’ ಒತ್ತಿ, ಅದು ಕೇಳುವ ಕ್ರಮದಲ್ಲಿ ಒಂದೊಂದೇ ಒತ್ತುತ್ತಾ ಹೋಗಬೇಕು.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಗೇಮ್‌ಪ್ಯಾಡ್ ಹಿಡಿದು ನಿಲ್ಲಲಾಗದು. ಅವರಿಗೆ ಬೇರೆ ಬಗೆಯ ಆಟ ಹೊಂದುತ್ತದೆ: ಗೇಮ್‌ಬಾಯ್ ಅಡ್ವಾನ್ಸ್‌ನ ಅಡ್ವಾನ್ಸ್ ವಾರ್ಸ್, ಪೋಕೆಮಾನ್‌ನಂಥ ಸರದಿಯ ಆಟಗಳು. ನೀವು ಒತ್ತುವವರೆಗೆ ಎದುರಾಳಿ ಕಾಯುತ್ತಾನೆ, ಹಾಗಾಗಿ ತಡದ ಪ್ರಶ್ನೆಯೇ ಇಲ್ಲ. ಒಂದು ಕೈ ಕಂಬಿಗೆ, ಒಂದು ಕೈ ಆಟಕ್ಕೆ. ನೆಟ್ ಬೇಕಿಲ್ಲ, ಜಾಹೀರಾತು ಬರುವುದಿಲ್ಲ, ಚಿಕ್ಕಬಾಣಾವರದಲ್ಲಿ ಗಾಡಿ ನಿಂತಷ್ಟು ಹೊತ್ತೂ ಆಡಬಹುದು. ಇದಕ್ಕೆ ಎಂಜಿಬಿಎ ಎಂಬ ಕೋರ್ ಸಾಕು. ಪರದೆ ಸೆಟ್ಟಿಂಗಿನಲ್ಲಿ ‘ಇಂಟೀಜರ್ ಸ್ಕೇಲ್’ ಆನ್ ಮಾಡಿದರೆ 240ಕ್ಕೆ 160ರ ಆ ಪುಟ್ಟ ಚಿತ್ರ, 1080 ಎತ್ತರದ ಪರದೆಯಲ್ಲಿ ಸರಿಯಾಗಿ ಆರು ಪಟ್ಟಾಗಿ, ಚುಕ್ಕಿ ಚುಕ್ಕಿ ಸ್ಪಷ್ಟವಾಗಿ ಕೂರುತ್ತದೆ.

ಎಂಟು ಕೋರಿನ ಫೋನಿಗೆ ಪಿಎಸ್2 ಏಕೆ ಭಾರ?

2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರ್ ವೇಗ ಸುಮಾರು 295 ಮೆಗಾಹರ್ಟ್ಸ್, ಮೆಮೊರಿ 32 ಎಂಬಿ. ಹದಿನೈದು ಸಾವಿರದ ಫೋನಿನಲ್ಲಿ 2000 ಮೆಗಾಹರ್ಟ್ಸ್ ಮೀರಿದ ಪ್ರೊಸೆಸರ್, ಆರೆಂಟು ಜಿಬಿ ಮೆಮೊರಿ. ಆದರೂ ಆಟ ತೆವಳುತ್ತದೆ. ಪಿಎಸ್2 ಒಂದು ಪ್ರೊಸೆಸರ್ ಆಗಿರಲಿಲ್ಲ ಎಂಬುದು ಕಾರಣ. ಮುಖ್ಯ ಪ್ರೊಸೆಸರಿನ ಜೊತೆ ಚಿತ್ರದ ಲೆಕ್ಕ ಮಾಡುವ ಎರಡು ವೆಕ್ಟರ್ ಘಟಕ, ಬೇರೆ ಗ್ರಾಫಿಕ್ಸ್ ಚಿಪ್, ಬೇರೆ ಸೌಂಡ್ ಚಿಪ್, ಇನ್‌ಪುಟ್ ನೋಡಿಕೊಳ್ಳಲು ಹಳೆಯ ಪ್ಲೇಸ್ಟೇಷನ್‌ನ ಪ್ರೊಸೆಸರ್ ಕೂಡ. ಎಲ್ಲವೂ ಒಂದೇ ಸಲಕ್ಕೆ ದುಡಿಯುತ್ತಾ, ಒಬ್ಬರನ್ನೊಬ್ಬರು ಕಾಯುತ್ತಾ ಇರುತ್ತಿದ್ದವು. ಎಮ್ಯುಲೇಟರ್ ಇವೆಲ್ಲದರ ಆದೇಶವನ್ನೂ ಫೋನಿನ ಭಾಷೆಗೆ ತಿರುಗಿಸಬೇಕು, ಒಬ್ಬರೂ ಮುಂದೆ ಹೋಗದ ಹಾಗೆ, ಹಿಂದೆ ಬೀಳದ ಹಾಗೆ ನೋಡಿಕೊಳ್ಳಬೇಕು.

ಇದನ್ನು ಮೂರು ಕೆಲಸವಾಗಿ ಹಂಚಬಹುದು: ಮುಖ್ಯ ಪ್ರೊಸೆಸರ್, ವೆಕ್ಟರ್ ಘಟಕ, ಗ್ರಾಫಿಕ್ಸ್. ಮೂರಕ್ಕೂ ಗಟ್ಟಿ ಕೋರ್ ಬೇಕು (ಇಲ್ಲಿ ಕೋರ್ ಎಂದರೆ ರೆಟ್ರೋಆರ್ಚ್‌ನದಲ್ಲ, ಫೋನಿನ ಪ್ರೊಸೆಸರಿನೊಳಗಿನ ಒಂದೊಂದು ದುಡಿಯುವ ಘಟಕ). ಪೆಟ್ಟಿಗೆಯ ಮೇಲೆ ‘ಆಕ್ಟಾ ಕೋರ್’ ಎಂದು ಬರೆದಿದ್ದರೂ ಹೀಲಿಯೋ ಜಿ85, ಹೀಲಿಯೋ ಜಿ99, ಸ್ನ್ಯಾಪ್‌ಡ್ರ್ಯಾಗನ್ 695 ಚಿಪ್‌ಗಳಲ್ಲಿ ದೊಡ್ಡ ಕೋರ್ ಇರುವುದು ಎರಡೇ. ಉಳಿದ ಆರು ಬ್ಯಾಟರಿ ಉಳಿಸುವ ಸಣ್ಣವು. ಎಂಟು ಎತ್ತಿನ ಗಾಡಿ ಎಂದು ಮಾರುತ್ತಾರೆ. ಕಟ್ಟಿರುವುದು ಎರಡು ಎತ್ತು, ಆರು ಕರು. ನಾಲ್ಕು ದೊಡ್ಡ ಕೋರ್ ಇರುವ ಹಳೆಯ ಸ್ನ್ಯಾಪ್‌ಡ್ರ್ಯಾಗನ್ 845ರ ಫೋನು ಈ ಕೆಲಸಕ್ಕೆ ಕನಿಷ್ಠ ಮಟ್ಟ ಎಂದು ಪಿಎಸ್2 ಎಮ್ಯುಲೇಟರ್ ಬರೆದವರೇ ಹೇಳಿದ್ದರು. ಹೊಸದು ಎಂಬ ಮಾತ್ರಕ್ಕೆ ಬಲವಾಗಿಲ್ಲ.

ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್ ಆದ ಪಿಎಸ್‌ಪಿಯ ಕಥೆ ಇದಕ್ಕಿಂತ ಹಗುರ. ಪಿಪಿಎಸ್‌ಎಸ್‌ಪಿಪಿ ಎಂಬ ಆ್ಯಪ್ ಯಂತ್ರದ ಒಳಗಿನ ಸಿಸ್ಟಂ ಕೆಲಸಗಳನ್ನು ತಾನೇ ಹೊಸದಾಗಿ ಬರೆದುಕೊಂಡಿರುವುದರಿಂದ ಬಯಾಸ್ ಫೈಲ್ (ಅಸಲಿ ಯಂತ್ರವನ್ನು ಶುರುಮಾಡುವ ಒಳ ತಂತ್ರಾಂಶ) ಕೇಳುವುದಿಲ್ಲ, ಮಧ್ಯಮ ಫೋನಿನಲ್ಲೂ ಓಡುತ್ತದೆ. ಗ್ರಾಫಿಕ್ಸ್‌ನಲ್ಲಿ ಬ್ಯಾಕೆಂಡ್ ವಲ್ಕನ್ ಇಡಿ, ಚಿತ್ರ ಹರಿದಂತೆ ಕಂಡರೆ ಓಪನ್‌ಜಿಎಲ್. ರೆಂಡರಿಂಗ್ ರೆಸಲ್ಯೂಷನ್ ಎರಡು ಪಟ್ಟು, ಅಂದರೆ 960ಕ್ಕೆ 544. ಅದಕ್ಕಿಂತ ಏರಿಸಿದರೆ ಚೆಂದ ಕಾಣುವುದು ಸ್ವಲ್ಪ, ಬಿಸಿಯಾಗುವುದು ಬಹಳ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಇದು ಸಣ್ಣ ಮಾತಲ್ಲ. ಮೊದಲ ಕಾಲುಗಂಟೆ ಚೆನ್ನಾಗಿದ್ದ ಆಟ ಆಮೇಲೆ ತೊದಲಲು ಶುರುಮಾಡಿದರೆ ಅದು ಫೋನು ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಂಡ ಲಕ್ಷಣ. ಕವರ್ ತೆಗೆಯಿರಿ, ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಪರದೆಯ ಬೆಳಕು ಇಳಿಸಿ.

ಹಳೆಯ ಪ್ಲೇಸ್ಟೇಷನ್‌ನಲ್ಲಿ ತೊಂದರೆ ಕೊಡುವುದು ಫೋನಲ್ಲ, ಫೈಲು. ಒಂದು ಸಿ.ಡಿ. ಕಂಪ್ಯೂಟರಿನಲ್ಲಿ ಎರಡು ಬಗೆಯ ಫೈಲಾಗುತ್ತದೆ: ದತ್ತಾಂಶ, ಹಾಡು ತುಂಬಿದ ಬಿನ್, ಯಾವ ಹಾಡು ಎಲ್ಲಿದೆ ಎಂದು ಬರೆದ ಪುಟ್ಟ ಕ್ಯೂ. ಕ್ಯೂ ಫೈಲು ಬರೀ ಪಠ್ಯ. ಅದರೊಳಗೆ ಬಿನ್‌ನ ಹೆಸರು ಅಕ್ಷರಶಃ ಬರೆದಿರುತ್ತದೆ. ನೀವು ಅಂದಕ್ಕೆಂದು ಬಿನ್‌ನ ಹೆಸರು ಬದಲಿಸಿದರೆ ಆಟ ತೆರೆಯುವುದೇ ಇಲ್ಲ. ಕ್ಯೂ ಬಿಟ್ಟು ನೇರ ಬಿನ್ ತೆರೆದರೆ ಆಟ ಬಂದರೂ ಸಂಗೀತ ಮಾಯ. ಎರಡನ್ನೂ ಸೇರಿಸಿ ಸಿಎಚ್‌ಡಿ ಎಂಬ ಒಂದೇ ಫೈಲ್ ಮಾಡಿಬಿಡುವುದು ನೆಮ್ಮದಿ. ಕಂಪ್ಯೂಟರಿನಲ್ಲಿ ಸಿಎಚ್‌ಡಿಮ್ಯಾನ್ ಎಂಬ ಉಚಿತ ಉಪಕರಣದ ‘ಕ್ರಿಯೇಟ್‌ಸಿಡಿ’ ಆದೇಶಕ್ಕೆ ಕ್ಯೂ ಫೈಲ್ ಕೊಟ್ಟರೆ ಸಾಕು, ಜಾಗವೂ ಉಳಿಯುತ್ತದೆ. ಬಯಾಸ್ ಫೈಲಿನ ಗಾತ್ರ ಸರಿಯಾಗಿ 5,24,288 ಬೈಟ್ ಇರಬೇಕು, ರೆಟ್ರೋಆರ್ಚ್‌ನ ‘ಸಿಸ್ಟಂ’ ಫೋಲ್ಡರಿನಲ್ಲಿರಬೇಕು, ಹೆಸರು ಪೂರ್ತಿ ಸಣ್ಣ ಅಕ್ಷರದಲ್ಲಿರಬೇಕು. ಪಾಲ್ ಡಿಸ್ಕಿಗೆ 5502, ಅಮೆರಿಕದ ಡಿಸ್ಕಿಗೆ 5501 ಎಂದು ಮುಗಿಯುವ ಫೈಲ್.

ಕ್ಯಾಸೆಟ್ ನಿಮ್ಮದು, ಹಕ್ಕು?

‘ಕ್ಯಾಸೆಟ್ ನನ್ನ ಹತ್ತಿರ ಇದೆ, ಹಾಗಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು’ ಎಂಬ ವಾದ ಎಲ್ಲರ ಬಾಯಲ್ಲೂ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಕಂಪ್ಯೂಟರ್ ಪ್ರೋಗ್ರಾಮಿನ ವಿಷಯದಲ್ಲಿ ನಿಜಕ್ಕೂ ಉದಾರ. ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ಹಾಳಾಗುವುದರ ವಿರುದ್ಧ ಬ್ಯಾಕಪ್ ಮಾಡಿಕೊಳ್ಳಬಹುದು. ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ವ್ಯಾಪಾರವಲ್ಲದ ಸ್ವಂತ ಬಳಕೆಗೂ ನಕಲು ಮಾಡಿಕೊಳ್ಳಬಹುದು. ಹೊಂದಾಣಿಕೆಯಾಗುವ ಬೇರೆ ಪ್ರೋಗ್ರಾಂ ಬರೆಯಲು ಬೇಕಾದ ಮಾಹಿತಿ ಪಡೆಯುವುದಕ್ಕೂ ಅವಕಾಶವಿದೆ. ಎಮ್ಯುಲೇಟರ್ ಆ್ಯಪಿನ ಬಗ್ಗೆ ಹೆದರಬೇಕಿಲ್ಲ.

ಸಿಕ್ಕು ಇರುವುದು ‘ಕಾನೂನುಬದ್ಧ ಪ್ರತಿ’ ಎಂಬಲ್ಲಿ. ನಾವು ದುಡ್ಡು ಕೊಟ್ಟು ತಂದ ಹಳದಿ ಕ್ಯಾಸೆಟ್ಟೇ ನಕಲು. ನಕಲಿನ ನಕಲಿಗೆ 52ನೇ ಕಲಂ ನೆರಳು ಕೊಡುವುದಿಲ್ಲ. ಅಸಲಿ ಪ್ಲೇಸ್ಟೇಷನ್ ಡಿಸ್ಕ್ ಗುರುತಿಸುವುದು ಸುಲಭ: ಮೊದಲ ಪ್ಲೇಸ್ಟೇಷನ್‌ನ ಡಿಸ್ಕಿನ ತಳ ಕಪ್ಪು, ಪಿಎಸ್2ರ ಸಿ.ಡಿ. ಆಟಗಳದು ನೀಲಿ, ಡಿವಿಡಿಯದು ಬೆಳ್ಳಿ. ಹಸಿರು ಛಾಯೆಯ ತಳ, ಮೇಲೆ ಮಾರ್ಕರ್ ಪೆನ್ನಿನ ಹೆಸರು ಇದ್ದರೆ ಅದು ಯಾರೋ ಸುಟ್ಟ ಪ್ರತಿ. ನಕಲು ಎಂದು ಗೊತ್ತಿದ್ದೂ ಬಳಸಿದರೆ ಅದೇ ಕಾಯ್ದೆಯ 63ಬಿ ಕಲಂ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಲ್ಲದೆ ಬಳಸಿದ್ದರೆ ಕೋರ್ಟು ಸೆರೆವಾಸ ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಮನೆಯಲ್ಲಿ ಆಡುವವರಿಗಿಂತ, ನೂರಾರು ಆಟ ತುಂಬಿದ ಮೆಮೊರಿ ಕಾರ್ಡ್ ಮಾರುವವರು ಇದನ್ನು ಎರಡು ಸಲ ಓದಬೇಕು.

ಅಸಲಿ ಡಿಸ್ಕ್ ಕಪಾಟಿನಲ್ಲಿದ್ದವರು ಈಗಲೇ ಇಳಿಸಿಕೊಳ್ಳುವುದು ಒಳ್ಳೆಯದು. ಡಿವಿಡಿ ಡ್ರೈವ್ ಇರುವ ಕಂಪ್ಯೂಟರು, ಇಮ್ಜ್‌ಬರ್ನ್ ಎಂಬ ಉಚಿತ ತಂತ್ರಾಂಶ, ‘ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್’. ಸಿ.ಡಿ. ಹಾಕಿದರೆ ಬಿನ್, ಕ್ಯೂ ಬರುತ್ತವೆ, ಡಿವಿಡಿಗೆ ಐಎಸ್‌ಒ. ಓದಲು ತಡವರಿಸಿದರೆ ವೇಗ ಇಳಿಸಿ, ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿಸಿ ಒರೆಸಬೇಡಿ. ಭಾರತದಲ್ಲೇ ತಯಾರಾಗಿ 2009ರಲ್ಲಿ ಪಿಎಸ್2ಗೆ ಬಂದ ಹನುಮಾನ್: ಬಾಯ್ ವಾರಿಯರ್, ದೇಸಿ ಅಡ್ಡಾದಂಥ ಡಿಸ್ಕುಗಳು ಯಾರ ಮನೆಯಲ್ಲಾದರೂ ಇದ್ದರೆ ಅವುಗಳದೇ ಮೊದಲ ಸರದಿ. ಅಮೆರಿಕದವರು ಅದನ್ನು ಉಳಿಸಿಕೊಡುವುದಿಲ್ಲ. ಅಮೆರಿಕದಲ್ಲೇ 2010ಕ್ಕೆ ಮುಂಚಿನ ಆಟಗಳಲ್ಲಿ ನೂರಕ್ಕೆ 87 ಇವತ್ತು ಮಾರಾಟದಲ್ಲಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತ್ತು.

ಡಿಸ್ಕೂ ಇಲ್ಲ, ಕ್ಯಾಸೆಟ್ಟೂ ಇಲ್ಲ ಎನ್ನುವವರಿಗೆ ಹಳೆಯ ಯಂತ್ರಕ್ಕೆಂದೇ ಹೊಸದಾಗಿ ಬರೆದ ಆಟಗಳಿವೆ. ಗೇಮ್‌ಬಾಯ್‌ನ ಟೋಬು ಟೋಬು ಗರ್ಲ್, ಎನ್‌ಇಎಸ್‌ನ ನೋವಾ ದ ಸ್ಕ್ವಿರಲ್, ಗೇಮ್‌ಬಾಯ್ ಅಡ್ವಾನ್ಸ್‌ನ ಅಪೋಟ್ರಿಸ್ ಉಚಿತ. 2019ರ ಮೈಕ್ರೋ ಮೇಜಸ್‌ಗೆ ದುಡ್ಡು ಕೊಡಬೇಕು. ಮೊದಲ ಮಾರಿಯೋ ಹಿಡಿದಷ್ಟೇ 40 ಕೆಬಿಯೊಳಗೆ ನಾಲ್ಕು ಜನ ಆಡುವ ಆಟ ತುರುಕಿರುವ ಕುಶಲತೆಗೆ ಅದು ಹೆಚ್ಚೇನಲ್ಲ. ಅಂದಹಾಗೆ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ‘ಗೇಮ್ ಆಡೋದೇ ಬ್ಯಾನ್ ಅಂತೆ’ ಎಂದು ಮಕ್ಕಳಿಗೆ ಹೇಳುವ ಅಪ್ಪಂದಿರಿದ್ದಾರೆ. ಅದು ನಿಷೇಧಿಸಿರುವುದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು.

ಎಪಿಕೆ ಎಂಬ ಕಿಂಡಿ

ಪಿಎಸ್2 ಎಮ್ಯುಲೇಟರ್ ಈಥರ್‌ಎಸ್‌ಎಕ್ಸ್2 ಬರೆದವರು ಬೆದರಿಕೆ, ಕಿರುಕುಳಗಳಿಂದ ಬೇಸತ್ತು 2023ರ ಜನವರಿಯಲ್ಲಿ ಕೆಲಸ ನಿಲ್ಲಿಸಿದರು. ಅದನ್ನೇ ತಿದ್ದಿದ ನೆದರ್‌ಎಸ್‌ಎಕ್ಸ್2 ಪ್ಲೇ ಸ್ಟೋರಿನ ಹೊರಗಿನಿಂದ ಎಪಿಕೆಯಾಗಿ, ಅಂದರೆ ಬಿಡಿ ಆ್ಯಪ್ ಫೈಲಾಗಿ, ಹಾಕಿಕೊಳ್ಳಬೇಕಾದ್ದು, ಮತ್ತು ಅದೇ ಹೆಸರಿನ ಸುಳ್ಳು ಎಪಿಕೆಗಳಿಗೇನೂ ಕಡಿಮೆಯಿಲ್ಲ. ಪರೀಕ್ಷೆ ಸರಳ. ಎಮ್ಯುಲೇಟರಿಗೆ ಬೇಕಾದ್ದು ನೀವು ತೋರಿಸುವ ಒಂದು ಫೋಲ್ಡರ್ ಅಷ್ಟೆ. ಎಸ್‌ಎಂಎಸ್, ಕಾಂಟ್ಯಾಕ್ಟ್, ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಆಗಲೇ ಕಿತ್ತುಹಾಕಿ. ಹಳೆಯ ಕನ್ಸೋಲಿನ ಆಟವೇ ಎಪಿಕೆ ರೂಪದಲ್ಲಿ ಬಂದರೆ ಅದು ಆಟವಲ್ಲ. ಖಾತೆಯಿಂದ ದುಡ್ಡು ಹೋಗಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ಈ ಕಿಂಡಿ ಕಿರಿದಾಗುತ್ತಿದೆ. ಗುರುತು ದೃಢಪಡಿಸದ ಡೆವಲಪರ್‌ಗಳ ಆ್ಯಪನ್ನು ಗೂಗಲ್ ಪ್ರಮಾಣಿತ ಫೋನುಗಳಲ್ಲಿ ಹಾಕಿಕೊಳ್ಳಲು ಬಿಡುವುದಿಲ್ಲ ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು: 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದ ಕಡೆ. ಅಪಾಯ ತಿಳಿದೂ ಹಾಕಿಕೊಳ್ಳುವವರಿಗೆ ಬೇರೊಂದು ದಾರಿ ಇಡುವುದಾಗಿ ಆಮೇಲೆ ಹೇಳಿದೆ. ಹೆಸರು ಹೇಳದೆ ಬರೆಯುವವರೇ ಹೆಚ್ಚಿರುವ ಎಮ್ಯುಲೇಟರ್ ಲೋಕಕ್ಕೆ ಇದು ನೇರ ಪೆಟ್ಟು. 2024ರಲ್ಲಿ ಸ್ವಿಚ್ ಎಂಬ ಕನ್ಸೋಲಿನ ಎಮ್ಯುಲೇಟರ್ ಯೂಜು ತಂಡ ನಿಂಟೆಂಡೋಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಮುಚ್ಚಿದ ಮೇಲೆ ಯಾರು ತಾನೇ ಹೆಸರು ಕೊಟ್ಟಾರು?

ಐಫೋನಿನಲ್ಲಿ ಗಾಳಿ ಎದುರು ದಿಕ್ಕಿಗೆ. ಆ್ಯಪಲ್ 2024ರ ಏಪ್ರಿಲ್‌ನಲ್ಲಿ ಹಳೆಯ ಕನ್ಸೋಲ್ ಎಮ್ಯುಲೇಟರ್‌ಗಳನ್ನು ಆ್ಯಪ್ ಸ್ಟೋರಿಗೆ ಬಿಟ್ಟುಕೊಂಡಿತು. ಡೆಲ್ಟಾ, ಪಿಪಿಎಸ್‌ಎಸ್‌ಪಿಪಿ, ರೆಟ್ರೋಆರ್ಚ್ ಮೂರೂ ಬಂದವು. ಆದರೆ ಓಡುತ್ತಲೇ ಆದೇಶಗಳನ್ನು ಫೋನಿನ ಭಾಷೆಗೆ ತಿರುಗಿಸಿಕೊಳ್ಳುವ ಜಿಟ್ ಎಂಬ ವಿಧಾನಕ್ಕೆ ಅಲ್ಲಿ ಅನುಮತಿಯಿಲ್ಲ. ಕೋಲಾರದ ನರಸಾಪುರದಲ್ಲೇ ಜೋಡಣೆಯಾದ ಐಫೋನು ಎಷ್ಟೇ ಗಟ್ಟಿಯಿದ್ದರೂ ಪಿಎಸ್2 ಅದರಲ್ಲಿ ಸರಿಯಾಗಿ ಓಡದಿರುವುದಕ್ಕೆ ಕಾರಣ ಈ ನಿಯಮ, ಚಿಪ್ ಅಲ್ಲ.

ಫೋನ್ ಬದಲಿಸುವ ಮುಂಚೆ ಸೇವ್ ಫೈಲಿನ ಕೆಲಸ ಒಂದಿದೆ. ಎಮ್ಯುಲೇಟರ್ ನಿಂತಲ್ಲೇ ಹಿಡಿದಿಡುವ ‘ಸೇವ್ ಸ್ಟೇಟ್’ ಕೋರಿನ ಆವೃತ್ತಿ ಬದಲಾದರೆ ತೆರೆಯದೇ ಹೋಗಬಹುದು. ಆಟದೊಳಗಿನ ಮೆನುವಿನಿಂದ ಮಾಡಿದ ಸೇವ್ ಹಾಗಲ್ಲ, ಬೇರೆ ಎಮ್ಯುಲೇಟರಿನಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಅದು ಆಟವನ್ನು ‘ಕ್ಲೋಸ್ ಕಂಟೆಂಟ್’ ಮಾಡಿ ಮುಚ್ಚುವಾಗ ಫೋನಿನ ಸ್ಟೋರೇಜಿಗೆ ಬರೆಯಲ್ಪಡುವುದರಿಂದ, ಆ್ಯಪನ್ನು ಮೇಲಕ್ಕೆ ಒರೆಸಿ ಮುಚ್ಚಿದರೆ ಉಳಿಯದಿರಬಹುದು; ‘ಸೇವಿಂಗ್’ ಪುಟದಲ್ಲಿ ‘ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್’ 10 ಸೆಕೆಂಡ್ ಮಾಡಿಡಿ. ‘ಡೈರೆಕ್ಟರಿ’ ಪುಟದಲ್ಲಿ ಸೇವ್ ಫೈಲುಗಳ ಜಾಗವನ್ನು ನೀವೇ ಮಾಡಿದ ಫೋಲ್ಡರಿಗೆ ಬದಲಿಸಿ. ಇಲ್ಲದಿದ್ದರೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ ದಿನ ಅದರ ಒಳಫೋಲ್ಡರಿನ ಜೊತೆಗೆ ಅಳಿಸಿಹೋಗಬಹುದು. ಪಿಪಿಎಸ್‌ಎಸ್‌ಪಿಪಿಯಲ್ಲಿ ನಕಲು ಮಾಡಿಟ್ಟುಕೊಳ್ಳಬೇಕಾದ್ದು ‘ಪಿಎಸ್‌ಪಿ’ ಫೋಲ್ಡರಿನೊಳಗಿನ ‘ಸೇವ್‌ಡೇಟಾ’.